ಕಿಮೊಥೆರಪಿಯ ವಾಂತಿ: ಯಾವ ಔಷಧ, ಯಾವ ಹೊತ್ತಿಗೆ?

ಅರ್ಬುದರೋಗದ ಚಿಕಿತ್ಸೆ ಎಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಒಂದು, ತಲೆಗೂದಲು ಉದುರಿದ ರೋಗಿ; ಇನ್ನೊಂದು, ಹಾಸಿಗೆಯ ಪಕ್ಕದಲ್ಲಿ ಬೋಗುಣಿಯಿಟ್ಟುಕೊಂಡು ವಾಂತಿ ಮಾಡಿಕೊಳ್ಳುತ್ತಿರುವ ರೋಗಿ. ಕೂದಲು ಮತ್ತೆ ಬೆಳೆಯುತ್ತದೆ ಎಂಬ ಸಮಾಧಾನವನ್ನಾದರೂ ಹೇಳಬಹುದು. ವಾಂತಿಯ ಭಯ ಅಷ್ಟು ಸುಲಭವಾಗಿ ಹೋಗುವುದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಕಿಮೊಥೆರಪಿ ಪಡೆಯುತ್ತಿದ್ದ ರೋಗಿಗಳನ್ನು, ಈ ಚಿಕಿತ್ಸೆಯಲ್ಲಿ ನಿಮಗೆ ಅತ್ಯಂತ ಕಷ್ಟವೆನಿಸಿದ್ದು ಯಾವುದು ಎಂದು ಕೇಳಿದರು. ರೋಗಿಗಳು ವಾಂತಿಗೆ ಮೊದಲ ಸ್ಥಾನವನ್ನೂ ವಾಕರಿಕೆಗೆ ಎರಡನೆಯ ಸ್ಥಾನವನ್ನೂ ಕೊಟ್ಟರು. ಕೂದಲು ಉದುರುವ ದುಃಖ ಆನಂತರದ್ದಾಗಿತ್ತು.

ಅಂದಿನಿಂದ ಇಂದಿಗೆ ನಾಲ್ಕು ದಶಕಗಳು ಕಳೆದಿವೆ. ಈ ಅವಧಿಯಲ್ಲಿ ವಾಂತಿಯನ್ನು ತಡೆಯುವ ಔಷಧಗಳು ಒಂದರ ಮೇಲೊಂದು ಬಂದು, ಆ ಹಳೆಯ ಚಿತ್ರವನ್ನು ಬಹುಮಟ್ಟಿಗೆ ಅಳಿಸಿಹಾಕಿವೆ. ಆದರೂ ಊರಿನಲ್ಲಿ ಯಾರಿಗಾದರೂ ಕಿಮೊಥೆರಪಿ ಎಂದರೆ, ‘ಅದರ ಸಂಕಟ ಬೇಡ, ಇದ್ದಷ್ಟು ದಿನ ನೆಮ್ಮದಿಯಾಗಿರಲಿ’ ಎಂಬ ಮಾತು ಕೇಳಿಬರುತ್ತದೆ. ಒಂದೆರಡು ಸುತ್ತು ಔಷಧ ಪಡೆದು, ವಾಂತಿಯನ್ನು ತಾಳಲಾರದೆ ಆಸ್ಪತ್ರೆಗೆ ಮರಳಿ ಹೋಗದವರೂ ಇದ್ದಾರೆ. ಹಾಡ್ಜ್‌ಕಿನ್ ಲಿಂಫೋಮ, ವೃಷಣದ ಅರ್ಬುದ, ಆರಂಭದ ಹಂತದ ಸ್ತನದ ಅರ್ಬುದ ಮುಂತಾದವುಗಳಲ್ಲಿ ಕಿಮೊಥೆರಪಿಯನ್ನು ಪೂರ್ತಿಗೊಳಿಸುವುದು ಎಂದರೆ ಗುಣವಾಗುವ ಅವಕಾಶವನ್ನು ಕಾಪಾಡಿಕೊಳ್ಳುವುದು ಎಂದೇ ಅರ್ಥ. ಹೀಗಿರುವಾಗ ತಡೆಯಬಹುದಾದ ವಾಂತಿಯ ಕಾರಣದಿಂದ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಪ್ರಾಣಕ್ಕೇ ಎರವಾಗಬಲ್ಲ ಸಂಗತಿ. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ವಾಂತಿನಿರೋಧಕ ಔಷಧಗಳನ್ನು ಒಂದರ ಪಕ್ಕ ಒಂದನ್ನಿಟ್ಟು, ಯಾವುದು ಎಲ್ಲಿ ಕೆಲಸ ಮಾಡುತ್ತದೆ, ಯಾವುದರ ಮಿತಿ ಏನು ಎಂಬುದನ್ನು ಅಭ್ಯಾಸ ಮಾಡೋಣ. ಔಷಧವನ್ನು ಆರಿಸುವವರು ವೈದ್ಯರೇ. ಆದರೆ ಮನೆಗೆ ತಂದ ಔಷಧವನ್ನು ಸರಿಯಾದ ಹೊತ್ತಿಗೆ ನುಂಗಿಸುವವರು ಮನೆಯವರು. ಈ ಲೇಖನ ಅವರಿಗಾಗಿ.

ವಾಂತಿ ಹುಟ್ಟುವ ಬಗೆ

ವಾಂತಿ ಹೊಟ್ಟೆಯಲ್ಲಿ ಹುಟ್ಟುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದರ ಆಜ್ಞೆ ಹೊರಡುವುದು ಮೆದುಳಿನ ಬುಡದಿಂದ. ವಿಷಪದಾರ್ಥವೊಂದು ದೇಹವನ್ನು ಸೇರಿದೆ ಎಂಬ ಸುದ್ದಿ ತಲುಪಿದೊಡನೆ, ಅದನ್ನು ಹೊರಹಾಕಲು ಮೆದುಳು ಕೈಗೊಳ್ಳುವ ರಕ್ಷಣೆಯ ಕ್ರಮವೇ ವಾಂತಿ. ಕಿಮೊಥೆರಪಿಯ ಔಷಧಗಳನ್ನು ದೇಹವು ವಿಷವೆಂದೇ ಎಣಿಸುತ್ತದೆ. ಆ ಸುದ್ದಿ ಮೆದುಳಿಗೆ ಮುಟ್ಟುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಕರುಳಿನ ದಾರಿ. ಸಣ್ಣ ಕರುಳಿನ ಒಳಪದರದಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕವನ್ನು ತುಂಬಿಕೊಂಡ ಕೋಶಗಳಿವೆ. ಕಿಮೊಥೆರಪಿಯ ಪೆಟ್ಟಿಗೆ ಅವು ಸಿರೊಟೋನಿನ್ನನ್ನು ಹೊರಚೆಲ್ಲುತ್ತವೆ. ಪಕ್ಕದಲ್ಲಿಯೇ ಇರುವ ವೇಗಸ್ ನರದ ತುದಿಗಳು ಅದನ್ನು ಹಿಡಿದು ಸುದ್ದಿಯನ್ನು ಮೆದುಳಿಗೆ ಒಯ್ಯುತ್ತವೆ. ಔಷಧ ಕೊಟ್ಟ ಮೊದಲ ದಿನದ ವಾಂತಿಗೆ ಮುಖ್ಯ ಕಾರಣ ಇದು. ಎರಡನೆಯದು ‘ಪದಾರ್ಥ ಪಿ’ ಎಂದು ಹೆಸರಾದ ಇನ್ನೊಂದು ರಾಸಾಯನಿಕದ ದಾರಿ. ಇದು ಹೆಚ್ಚಾಗಿ ಮೆದುಳಿನೊಳಗೇ ಕೆಲಸ ಮಾಡುತ್ತದೆ. ಎರಡನೆಯ ದಿನದಿಂದ ಮುಂದುವರಿಯುವ ವಾಂತಿಯಲ್ಲಿ ಇದರ ಪಾತ್ರ ದೊಡ್ಡದು. ಮೂರನೆಯದು ಡೋಪಮಿನ್ ದಾರಿ. ಮೆದುಳಿನ ಬುಡದಲ್ಲಿ ರಕ್ತದೊಳಗಿನ ವಿಷವನ್ನು ನೇರವಾಗಿ ಗುರುತಿಸಬಲ್ಲ ಒಂದು ಸಣ್ಣ ಪ್ರದೇಶವಿದೆ. ಅಲ್ಲಿ ಡೋಪಮಿನ್ ಮುಖ್ಯವಾದ ಸಂದೇಶವಾಹಕ.

ಮೂರು ದಾರಿಗಳಿರುವಾಗ ಒಂದಕ್ಕೆ ಮಾತ್ರ ಬೀಗ ಹಾಕಿದರೆ ಸಾಲದು. ತೀವ್ರವಾದ ಕಿಮೊಥೆರಪಿಗೆ ಒಂದೇ ಮಾತ್ರೆಯ ಬದಲು ಮೂರು ನಾಲ್ಕು ಔಷಧಗಳನ್ನು ಒಟ್ಟಿಗೆ ಬರೆಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ವೈದ್ಯರು ವೃಥಾ ಮಾತ್ರೆಗಳನ್ನು ಹೆಚ್ಚಿಸಿದ್ದಾರೆ ಎಂದು ಭಾವಿಸಿ ಅವುಗಳಲ್ಲಿ ಒಂದನ್ನು ಕೈಬಿಡುವುದು, ಮೂರು ಬಾಗಿಲುಗಳಲ್ಲಿ ಒಂದನ್ನು ತೆರೆದಿಟ್ಟು ಮಲಗಿದಂತೆ.

ಎಲ್ಲ ಕಿಮೊಥೆರಪಿಯೂ ಒಂದೇ ಅಲ್ಲ

ವಾಂತಿಯನ್ನು ಉಂಟುಮಾಡುವ ಶಕ್ತಿಗನುಸಾರವಾಗಿ ಅರ್ಬುದದ ಔಷಧಗಳನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ಮುನ್ನೆಚ್ಚರಿಕೆಯ ಔಷಧ ಕೊಡದಿದ್ದರೆ 100 ಜನರಲ್ಲಿ 90ಕ್ಕೂ ಹೆಚ್ಚು ಮಂದಿಗೆ ವಾಂತಿ ತರುವಂಥವು ಮೊದಲ ದರ್ಜೆಯವು. ಸಿಸ್‌ಪ್ಲಾಟಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಸ್ತನದ ಅರ್ಬುದದಲ್ಲಿ ಕೊಡುವ, ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಜೋಡಿಯೂ ಇದೇ ದರ್ಜೆಗೆ ಸೇರುತ್ತದೆ. 30ರಿಂದ 90 ಮಂದಿಗೆ ವಾಂತಿ ತರುವಂಥವು ಎರಡನೆಯ ದರ್ಜೆಯವು; ಆಕ್ಸಾಲಿಪ್ಲಾಟಿನ್ ಈ ಗುಂಪಿನದು. 10ರಿಂದ 30 ಮಂದಿಗೆ ತರುವ ಪಾಕ್ಲಿಟಾಕ್ಸೆಲ್, ಡೊಸಿಟಾಕ್ಸೆಲ್, ಫ್ಲೂರೊಯುರಾಸಿಲ್ ಮೂರನೆಯ ದರ್ಜೆಯವು. 10ಕ್ಕಿಂತ ಕಡಿಮೆ ಮಂದಿಗೆ ತರುವ ವಿನ್‌ಕ್ರಿಸ್ಟಿನ್, ಬ್ಲಿಯೊಮೈಸಿನ್ ಮುಂತಾದವು ನಾಲ್ಕನೆಯವು.

ಆದ್ದರಿಂದ ಪಕ್ಕದ ಮನೆಯವರಿಗೆ ಒಂದು ಮಾತ್ರೆಯಲ್ಲಿ ವಾಂತಿ ನಿಂತಿತು, ನಮಗೆ ನಾಲ್ಕು ಏಕೆ ಎಂಬ ಹೋಲಿಕೆಗೆ ಅರ್ಥವಿಲ್ಲ. ಅವರಿಗೆ ಕೊಟ್ಟ ಔಷಧದ ದರ್ಜೆ ಬೇರೆ, ನಿಮ್ಮದು ಬೇರೆ. ಅಲ್ಲದೆ ರೋಗಿಯ ದೇಹಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ತ್ರೀಯರಿಗೆ, ಕಿರಿಯ ವಯಸ್ಸಿನವರಿಗೆ, ಗರ್ಭಿಣಿಯಾಗಿದ್ದಾಗ ವಿಪರೀತ ವಾಂತಿಯಾಗಿದ್ದವರಿಗೆ, ಬಸ್ಸಿನ ಪ್ರಯಾಣದಲ್ಲಿ ವಾಕರಿಕೆ ಬರುವವರಿಗೆ ಕಿಮೊಥೆರಪಿಯ ವಾಂತಿಯ ಸಂಭವ ಹೆಚ್ಚು. ಮದ್ಯಪಾನದ ಅಭ್ಯಾಸವಿಲ್ಲದವರಿಗೆ, ಅದನ್ನು ದೀರ್ಘಕಾಲ ಸೇವಿಸಿದವರಿಗಿಂತ ವಾಂತಿ ಹೆಚ್ಚಾಗುತ್ತದೆ ಎಂಬುದೂ ಕಂಡುಬಂದಿದೆ. ಮದ್ಯ ಒಳ್ಳೆಯದೆಂದು ಇದರ ಅರ್ಥವಲ್ಲ. ಅದು ಅರ್ಬುದಕ್ಕೇ ಕಾರಣಗಳಲ್ಲಿ ಒಂದು. ಮದ್ಯವನ್ನು ಮುಟ್ಟದ ನಮ್ಮ ತಾಯಂದಿರು ಈ ವಿಷಯದಲ್ಲಿ ಹೆಚ್ಚಿನ ಮುನ್ನೆಚ್ಚರಿಕೆಗೆ ಅರ್ಹರು ಎಂಬುದಷ್ಟೇ ಇದರ ತಾತ್ಪರ್ಯ. ಈ ವಿವರಗಳನ್ನು ವೈದ್ಯರು ಕೇಳದಿದ್ದರೂ ತಾವಾಗಿ ಹೇಳಬೇಕು.

ವಾಂತಿ ಬರುವ ಹೊತ್ತನ್ನೂ ತಿಳಿದಿರಬೇಕು. ಔಷಧ ಕೊಟ್ಟ ಮೊದಲ 24 ಗಂಟೆಗಳಲ್ಲಿ ಬರುವುದು ತತ್‌ಕ್ಷಣದ ವಾಂತಿ. 24 ಗಂಟೆಗಳ ನಂತರ, ಐದನೆಯ ದಿನದವರೆಗೆ ಬರುವುದು ತಡವಾದ ವಾಂತಿ. ಹಿಂದಿನ ಸುತ್ತಿನ ಕಹಿ ನೆನಪಿನಿಂದ, ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದೊಡನೆ, ಡ್ರಿಪ್ ಹಚ್ಚುವ ಮೊದಲೇ ಬರುವುದು ನಿರೀಕ್ಷೆಯ ವಾಂತಿ. ಮೊದಲನೆಯದು ಬಹುತೇಕ ಆಸ್ಪತ್ರೆಯಲ್ಲಿಯೇ, ದಾದಿಯರ ಕಣ್ಣೆದುರಿನಲ್ಲಿ ನಡೆಯುತ್ತದೆ. ಎರಡನೆಯದು ರೋಗಿ ಊರು ಸೇರಿದ ಮೇಲೆ ಆರಂಭವಾಗುತ್ತದೆ. ವೈದ್ಯರಿಗೆ ಕಾಣಿಸದ ವಾಂತಿ ಇದು. ಮನೆಯವರ ಹೊಣೆ ದೊಡ್ಡದಾಗಿರುವುದು ಇಲ್ಲಿಯೇ.

ಔಷಧಗಳ ಕುಟುಂಬಗಳು

ಸಿಸ್‌ಪ್ಲಾಟಿನ್ ಬಳಕೆಗೆ ಬಂದದ್ದು 1978ರಲ್ಲಿ. ಅಂದು ಅದರ ವಾಂತಿಗೆ ಸರಿಯಾದ ಮದ್ದು ಇರಲಿಲ್ಲ. 1981ರಲ್ಲಿ ಮೆಟೊಕ್ಲೊಪ್ರಮೈಡ್ ಎಂಬ ಹಳೆಯ ಔಷಧವನ್ನೇ ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ ವಾಂತಿ ತಗ್ಗುತ್ತದೆ ಎಂದು ಅಮೆರಿಕದ ವೈದ್ಯರು ತೋರಿಸಿದರು. ನಮ್ಮಲ್ಲಿ ಪೆರಿನಾರ್ಮ್ ಎಂಬ ಹೆಸರಿನಲ್ಲಿ ಪರಿಚಿತವಾಗಿರುವುದು ಇದೇ. ಇದು ಡೋಪಮಿನ್ ದಾರಿಯನ್ನು ತಡೆಯುತ್ತದೆ. ಇದರ ತೊಂದರೆಯೆಂದರೆ ಕೆಲವರಲ್ಲಿ, ಅದರಲ್ಲಿಯೂ ಹದಿಹರೆಯದವರಲ್ಲಿ ಮತ್ತು ಯುವಕರಲ್ಲಿ, ಕತ್ತು ಒಂದು ಕಡೆಗೆ ತಿರುಚಿಕೊಳ್ಳುವುದು, ದವಡೆ ಬಿಗಿಯುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಕಾಣಿಸಬಹುದು. ಇದನ್ನು ಗಾಳಿ ಸೋಂಕೆಂದು ತಿಳಿದು ಬೇರೆಲ್ಲಿಯೋ ಕರೆದೊಯ್ಯಬಾರದು. ಇದು ಔಷಧದ ಪರಿಣಾಮ. ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದಿನಿಂದ ಬೇಗ ಸರಿಹೋಗುತ್ತದೆ. ಇಂದು ಮೆಟೊಕ್ಲೊಪ್ರಮೈಡ್ ಮುಖ್ಯ ಔಷಧವಾಗಿ ಉಳಿದಿಲ್ಲ. ಸಣ್ಣ ದರ್ಜೆಯ ಕಿಮೊಥೆರಪಿಗೆ, ಅಥವಾ ಬೇರೆ ಔಷಧಗಳನ್ನು ಮೀರಿ ವಾಂತಿಯಾದಾಗ ಹೆಚ್ಚುವರಿಯಾಗಿ ಅದನ್ನು ಬಳಸುತ್ತಾರೆ.

ನಿಜವಾದ ತಿರುವು ಬಂದದ್ದು 1991ರಲ್ಲಿ, ಒಂಡಾನ್‌ಸೆಟ್ರಾನ್ ಅಮೆರಿಕದಲ್ಲಿ ಮಂಜೂರಾದಾಗ. ನಮ್ಮ ಔಷಧ ಅಂಗಡಿಗಳಲ್ಲಿ ಎಮೆಸೆಟ್ ಎಂದು ಕೇಳಿ ಪಡೆಯುವ ಮಾತ್ರೆ ಇದೇ. ಇದು ಕರುಳಿನ ಸಿರೊಟೋನಿನ್ ದಾರಿಗೆ ಬೀಗ ಹಾಕುತ್ತದೆ. ಗ್ರಾನಿಸೆಟ್ರಾನ್ ಇದರ ತಮ್ಮ; 2003ರಲ್ಲಿ ಬಂದ ಪಲೊನೊಸೆಟ್ರಾನ್ ಇದೇ ಕುಟುಂಬದ ಹೊಸ ತಲೆಮಾರು. ಒಂಡಾನ್‌ಸೆಟ್ರಾನ್ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಪಲೊನೊಸೆಟ್ರಾನ್ ಅರ್ಧಕ್ಕಿಳಿಯಲು ಸುಮಾರು 40 ಗಂಟೆಗಳು ಬೇಕು. ಹೀಗಾಗಿ ಒಂದೇ ಚುಚ್ಚುಮದ್ದು ಹಲವು ದಿನ ಕೆಲಸ ಮಾಡುತ್ತದೆ. ಈ ಕುಟುಂಬದ ಸಾಮಾನ್ಯ ತೊಂದರೆಗಳು ತಲೆನೋವು ಮತ್ತು ಮಲಬದ್ಧತೆ. ಹೃದಯಬಡಿತದ ಲಯದಲ್ಲಿ ದೋಷವಿರುವವರು ಒಂಡಾನ್‌ಸೆಟ್ರಾನ್ ವಿಷಯದಲ್ಲಿ ವೈದ್ಯರಿಗೆ ಮೊದಲೇ ತಿಳಿಸಬೇಕು. ಈ ಕಾರಣದಿಂದಲೇ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಒಮ್ಮೆಗೇ 32 ಮಿಲಿಗ್ರಾಂ ಒಂಡಾನ್‌ಸೆಟ್ರಾನ್ ರಕ್ತನಾಳಕ್ಕೆ ಕೊಡುವ ಪದ್ಧತಿಯನ್ನು ನಿಲ್ಲಿಸಿತು.

ಮೂರನೆಯ ಕುಟುಂಬ ‘ಪದಾರ್ಥ ಪಿ’ಯ ದಾರಿಯನ್ನು ತಡೆಯುವಂಥದು. ಇದರಲ್ಲಿ ಮೊದಲನೆಯದಾದ ಅಪ್ರೆಪಿಟೆಂಟ್ 2003ರಲ್ಲಿ ಬಂದಿತು. ಮೂರು ಕ್ಯಾಪ್ಸೂಲ್‌ಗಳ ಪೊಟ್ಟಣವಾಗಿ ಇದು ಸಿಗುತ್ತದೆ: ಮೊದಲ ದಿನ ಕಿಮೊಥೆರಪಿಗೆ ಒಂದು ಗಂಟೆ ಮೊದಲು 125 ಮಿಲಿಗ್ರಾಂ, ಎರಡನೆಯ ಮತ್ತು ಮೂರನೆಯ ದಿನ 80 ಮಿಲಿಗ್ರಾಂ. ರಕ್ತನಾಳಕ್ಕೆ ಕೊಡುವ ಫಾಸ್‌ಅಪ್ರೆಪಿಟೆಂಟ್ ಇದರ ಇನ್ನೊಂದು ರೂಪ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಮತ್ತು ಗರ್ಭನಿರೋಧಕ ಗುಳಿಗೆ ಸೇವಿಸುವವರು ವೈದ್ಯರಿಗೆ ಹೇಳಲೇಬೇಕು. ಅಪ್ರೆಪಿಟೆಂಟ್ ಆ ಎರಡರ ಕೆಲಸವನ್ನೂ ಕುಂದಿಸಬಲ್ಲದು.

ನಾಲ್ಕನೆಯದು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್. ವಾಂತಿಯನ್ನು ಇದು ಹೇಗೆ ತಡೆಯುತ್ತದೆ ಎಂಬುದು ಇನ್ನೂ ಪೂರ್ತಿ ಬಿಡಿಸದ ಒಗಟು. ಆದರೆ ಬೇರೆ ಯಾವ ವಾಂತಿನಿರೋಧಕದ ಜೊತೆಗೆ ಸೇರಿಸಿದರೂ ಅದರ ಬಲ ಹೆಚ್ಚುತ್ತದೆ ಎಂಬುದು ನಿಶ್ಚಿತ. ಅಪ್ರೆಪಿಟೆಂಟ್ ಜೊತೆ ಕೊಡುವಾಗ ಇದರ ಪ್ರಮಾಣವನ್ನು ತಗ್ಗಿಸುತ್ತಾರೆ. ಏಕೆಂದರೆ ಅಪ್ರೆಪಿಟೆಂಟ್ ಇದನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ನಿದ್ರಾಹೀನತೆ, ಎದೆಯುರಿ, ಬಿಕ್ಕಳಿಕೆ ಇದರ ಇತರ ತೊಂದರೆಗಳು. ಬೆಳಗಿನ ಹೊತ್ತು ಆಹಾರದೊಂದಿಗೆ ಸೇವಿಸಿದರೆ ಇವು ಕಡಿಮೆಯಾಗುತ್ತವೆ.

ಐದನೆಯದು ಓಲಾಂಜಪೈನ್. ಇದು ಮೂಲತಃ ಮಾನಸಿಕ ಕಾಯಿಲೆಗಳಿಗೆಂದು ರೂಪಿಸಿದ ಔಷಧ. ಡೋಪಮಿನ್, ಸಿರೊಟೋನಿನ್ ಮುಂತಾದ ಹಲವು ದಾರಿಗಳನ್ನು ಒಮ್ಮೆಗೇ ತಡೆಯುವುದರಿಂದ ವಾಂತಿಗೂ, ಅದಕ್ಕಿಂತ ಮಿಗಿಲಾಗಿ ವಾಕರಿಕೆಗೂ ಇದು ಉಪಯುಕ್ತವೆಂದು ತಿಳಿದುಬಂದಿದೆ. ಇದರ ಮುಖ್ಯ ತೊಂದರೆ ತೂಕಡಿಕೆ.

ತಕ್ಕಡಿಯಲ್ಲಿಟ್ಟು ನೋಡಿದಾಗ

ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರವನ್ನು ಊಹೆಯಿಂದ ಹೇಳಬೇಕಾಗಿಲ್ಲ; ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಹೋಲಿಸಿದ ಅಧ್ಯಯನಗಳು ನಮ್ಮೆದುರಿಗಿವೆ.

2009ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು 1,100ಕ್ಕೂ ಹೆಚ್ಚು ರೋಗಿಗಳಲ್ಲಿ ಪಲೊನೊಸೆಟ್ರಾನ್ ಮತ್ತು ಗ್ರಾನಿಸೆಟ್ರಾನ್‌ಗಳನ್ನು ಹೋಲಿಸಿತು; ಇಬ್ಬರಿಗೂ ಡೆಕ್ಸಾಮೆಥಸೋನ್ ಕೊಡಲಾಗಿತ್ತು. ಮೊದಲ ದಿನ ವಾಂತಿಯಾಗದೆ, ಹೆಚ್ಚುವರಿ ಔಷಧವೂ ಬೇಕಾಗದೆ ಉಳಿದವರು ನೂರಕ್ಕೆ 75 ಮತ್ತು 73; ಅಂದರೆ ಸರಿಸಮ. ಆದರೆ ಎರಡರಿಂದ ಐದನೆಯ ದಿನಗಳಲ್ಲಿ ಆ ಸಂಖ್ಯೆ ಪಲೊನೊಸೆಟ್ರಾನ್ ಪಡೆದವರಲ್ಲಿ ಸುಮಾರು 57, ಗ್ರಾನಿಸೆಟ್ರಾನ್ ಪಡೆದವರಲ್ಲಿ ಸುಮಾರು 45. ಮೊದಲ ದಿನಕ್ಕೆ ಹಳೆಯ ಔಷಧವೂ ಸಾಕು, ತಡವಾದ ವಾಂತಿಗೆ ಹೊಸದು ಮೇಲು ಎಂಬುದು ಇದರಿಂದ ತಿಳಿಯುವ ಪಾಠ. ಅಪ್ರೆಪಿಟೆಂಟ್ ಅನ್ನೂ ಸೇರಿಸಿ ಕೊಟ್ಟಾಗ ಈ ಅಂತರ ಕಿರಿದಾಗುತ್ತದೆ.

ಅಪ್ರೆಪಿಟೆಂಟ್ ಸೇರಿಸಿದರೆ ಆಗುವ ಲಾಭವೆಷ್ಟು? ಸಿಸ್‌ಪ್ಲಾಟಿನ್ ಪಡೆದವರಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಡಾನ್‌ಸೆಟ್ರಾನ್ ಮತ್ತು ಡೆಕ್ಸಾಮೆಥಸೋನ್ ಮಾತ್ರ ಪಡೆದವರಲ್ಲಿ ಐದೂ ದಿನ ವಾಂತಿಯಿಲ್ಲದೆ ಕಳೆದವರು ನೂರಕ್ಕೆ 52. ಅಪ್ರೆಪಿಟೆಂಟ್ ಅನ್ನೂ ಪಡೆದವರಲ್ಲಿ ಅವರ ಸಂಖ್ಯೆ 73. ನೂರು ಜನರಲ್ಲಿ ಇಪ್ಪತ್ತು ಮಂದಿಯ ಸಂಕಟವನ್ನು ಒಂದು ಔಷಧ ಹೆಚ್ಚುವರಿಯಾಗಿ ತಪ್ಪಿಸಿತೆಂದರೆ ಅದು ಸಣ್ಣ ಲಾಭವಲ್ಲ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ವಾಂತಿ ನಿಂತರೂ ವಾಕರಿಕೆ ನಿಲ್ಲುತ್ತಿರಲಿಲ್ಲ. ವಾಂತಿ ಕಣ್ಣಿಗೆ ಕಾಣುತ್ತದೆ; ವಾಕರಿಕೆ ಕಾಣುವುದಿಲ್ಲ. ‘ವಾಂತಿಯಾಗಿಲ್ಲವಲ್ಲ, ಏಳು, ಊಟ ಮಾಡು’ ಎಂದು ಮನೆಯವರು ಒತ್ತಾಯಿಸುವಾಗ ರೋಗಿಯ ಒಳಗೆ ಹೊಟ್ಟೆ ತೊಳಸುತ್ತಲೇ ಇರುತ್ತದೆ. ಓಲಾಂಜಪೈನ್ ನೆರವಿಗೆ ಬಂದದ್ದು ಇಲ್ಲಿ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಲೊನೊಸೆಟ್ರಾನ್ ಮತ್ತು ಡೆಕ್ಸಾಮೆಥಸೋನ್ ಜೊತೆಗೆ ಒಂದು ಗುಂಪಿಗೆ ಅಪ್ರೆಪಿಟೆಂಟ್ ಅನ್ನೂ, ಇನ್ನೊಂದಕ್ಕೆ ಓಲಾಂಜಪೈನ್ ಅನ್ನೂ ಕೊಟ್ಟರು. ವಾಂತಿಯ ತಡೆ ಹೆಚ್ಚುಕಡಿಮೆ ಸಮವಾಗಿತ್ತು: ಓಲಾಂಜಪೈನ್ ಗುಂಪಿನಲ್ಲಿ ನೂರಕ್ಕೆ 77, ಅಪ್ರೆಪಿಟೆಂಟ್ ಗುಂಪಿನಲ್ಲಿ 73. ಆದರೆ ಎರಡನೆಯ ದಿನದ ನಂತರ ವಾಕರಿಕೆಯೇ ಇಲ್ಲದವರು ಕ್ರಮವಾಗಿ 69 ಮತ್ತು 38. 2016ರಲ್ಲಿ 380 ರೋಗಿಗಳ ಮೇಲಿನ ಮತ್ತೊಂದು ಅಧ್ಯಯನದಲ್ಲಿ, ಮೂರೂ ಔಷಧಗಳ ಜೊತೆಗೆ ನಾಲ್ಕನೆಯದಾಗಿ ಓಲಾಂಜಪೈನ್ ಸೇರಿಸಿದಾಗ ಮೊದಲ ದಿನ ವಾಕರಿಕೆಯಿಲ್ಲದವರು ನೂರಕ್ಕೆ 45ರಿಂದ 74ಕ್ಕೆ ಏರಿದರು. ಐದೂ ದಿನಗಳನ್ನು ಒಟ್ಟಾಗಿ ನೋಡಿದರೆ ಏರಿಕೆ 22ರಿಂದ 37ಕ್ಕೆ. ನಾಲ್ಕು ಔಷಧಗಳ ನಂತರವೂ ನೂರರಲ್ಲಿ ಅರುವತ್ತಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ದಿನ ಸ್ವಲ್ಪವಾದರೂ ವಾಕರಿಕೆ ಇದ್ದೇ ಇತ್ತು ಎಂಬುದನ್ನೂ ಇದೇ ಅಂಕಿ ಹೇಳುತ್ತದೆ. ರೋಗಿ ಊಟವನ್ನು ಬೇಡವೆಂದಾಗ ಅದು ಹಟವಲ್ಲ ಎಂದು ಮನೆಯವರು ತಿಳಿಯಲು ಈ ಒಂದು ಸಂಖ್ಯೆ ಸಾಕು.

ಆ ಅಧ್ಯಯನಗಳಲ್ಲಿ ಬಳಸಿದ ಓಲಾಂಜಪೈನ್ ಪ್ರಮಾಣ 10 ಮಿಲಿಗ್ರಾಂ. ಅದು ತರುವ ತೂಕಡಿಕೆ ಅನೇಕರಿಗೆ ತಾಳಲಾರದ್ದು. ಜಪಾನಿನ ವೈದ್ಯರು 5 ಮಿಲಿಗ್ರಾಂ ಕೊಟ್ಟು, ಅದೂ ಪರಿಣಾಮಕಾರಿ ಎಂದು 2020ರಲ್ಲಿ ತೋರಿಸಿದರು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಇನ್ನೂ ಕೆಳಗಿಳಿದು 2.5 ಮಿಲಿಗ್ರಾಂ ಪ್ರಮಾಣವನ್ನು 10 ಮಿಲಿಗ್ರಾಂ ಜೊತೆ ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಪೂರ್ಣ ಹತೋಟಿ ಎರಡೂ ಗುಂಪುಗಳಲ್ಲಿ ಸಮವಾಗಿತ್ತು: ನೂರಕ್ಕೆ 45 ಮತ್ತು 44. ಹಗಲಿನ ತೂಕಡಿಕೆ ಮಾತ್ರ 10 ಮಿಲಿಗ್ರಾಂ ಪಡೆದವರಲ್ಲಿ 90 ಮಂದಿಗೆ, 2.5 ಪಡೆದವರಲ್ಲಿ 65 ಮಂದಿಗೆ. ನಮ್ಮ ದೇಶದ ರೋಗಿಗಳಲ್ಲಿಯೇ ನಡೆದ ಈ ಅಧ್ಯಯನ ನಮಗೆ ವಿಶೇಷವಾಗಿ ಉಪಯುಕ್ತ. ತೂಕಡಿಕೆ ವಿಪರೀತವಾದರೆ ಮಾತ್ರೆಯನ್ನು ನಿಲ್ಲಿಸದೆ, ಪ್ರಮಾಣವನ್ನು ತಗ್ಗಿಸಬಹುದೇ ಎಂದು ವೈದ್ಯರನ್ನು ಕೇಳಲು ಇದು ಆಧಾರ.

ಬೆಲೆಯ ಮಾತನ್ನೂ ಮರೆಯುವಂತಿಲ್ಲ. ಒಂಡಾನ್‌ಸೆಟ್ರಾನ್, ಡೆಕ್ಸಾಮೆಥಸೋನ್, ಓಲಾಂಜಪೈನ್ ಮೂರೂ ಅಗ್ಗದ ಮಾತ್ರೆಗಳು. ಅಪ್ರೆಪಿಟೆಂಟ್ ಅವುಗಳಿಗಿಂತ ದುಬಾರಿ. ಕೈಯಲ್ಲಿ ಹಣ ಸಾಲದೆ ಅದನ್ನು ಕೊಳ್ಳದೆ ಮನೆಗೆ ಹೋಗುವ ಬದಲು, ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಅದೇ ಔಷಧ ಮೂಲನಾಮದಲ್ಲಿ ಕಡಿಮೆ ಬೆಲೆಗೆ ಸಿಗಬಹುದು, ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು, ಇಲ್ಲವೆ ವೈದ್ಯರು ಅಗ್ಗದ ಜೋಡಣೆಯನ್ನು ಯೋಚಿಸಬಹುದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರು, ಮನೆಗೆ ಒಯ್ಯುವ ವಾಂತಿಯ ಮಾತ್ರೆಗಳೂ ಅದರಲ್ಲಿ ಸೇರಿವೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕು.

ಮನೆಯಲ್ಲಿ ನಡೆಯುವ ತಪ್ಪುಗಳು

ಒಳ್ಳೆಯ ಔಷಧವೂ ತಪ್ಪಾಗಿ ಬಳಸಿದರೆ ಸೋಲುತ್ತದೆ. ಸಾಮಾನ್ಯವಾಗಿ ಕಾಣುವ ಐದು ತಪ್ಪುಗಳನ್ನು ಇಲ್ಲಿ ಹೇಳುತ್ತೇವೆ.

ಒಂದು, ವಾಂತಿ ಬಂದ ಮೇಲೆ ಮಾತ್ರೆ ನುಂಗಿಸುವುದು. ಈ ಔಷಧಗಳು ತಡೆಯುವುದಕ್ಕಾಗಿ ಇರುವಂಥವು. ನೆರೆ ಬಂದ ಮೇಲೆ ಒಡ್ಡು ಕಟ್ಟಲಾಗದು. ‘ವಾಂತಿಯೇ ಇಲ್ಲ, ಮಾತ್ರೆ ಏಕೆ’ ಎಂದು ಎರಡನೆಯ ದಿನವೇ ನಿಲ್ಲಿಸಿದವರಿಗೆ ಮೂರನೆಯ ದಿನ ತಡವಾದ ವಾಂತಿ ಕಾದಿರುತ್ತದೆ. ವಾಂತಿ ಇಲ್ಲದಿರುವುದು ಮಾತ್ರೆಯ ಫಲ ಎಂಬುದನ್ನು ನೆನಪಿಡಬೇಕು. ಚೀಟಿಯಲ್ಲಿ ಬರೆದಷ್ಟು ದಿನವೂ ಕೊಡಬೇಕು.

ಎರಡು, ಓಲಾಂಜಪೈನ್ ಮಾತ್ರೆಯನ್ನು ನೋಡಿ ಗಾಬರಿಯಾಗುವುದು. ಅಂಗಡಿಯವರೋ ತಿಳಿದವರೋ ‘ಇದು ಮಾನಸಿಕ ರೋಗದ ಮಾತ್ರೆ’ ಎಂದೊಡನೆ ರೋಗಿಗೆ ಅವಮಾನವೆನಿಸಿ ಅದನ್ನು ಎಸೆಯುವುದುಂಟು. ಒಂದೇ ಔಷಧ ಎರಡು ಕೆಲಸ ಮಾಡುವುದು ವೈದ್ಯಶಾಸ್ತ್ರದಲ್ಲಿ ಹೊಸತಲ್ಲ. ಇಲ್ಲಿ ಅದನ್ನು ಕೊಡುವುದು ಕೆಲವೇ ದಿನ, ವಾಕರಿಕೆಗಾಗಿ. ವೈದ್ಯರು ಬೇರೆ ಹೇಳದಿದ್ದರೆ ರಾತ್ರಿ ಮಲಗುವ ಹೊತ್ತು ಇದಕ್ಕೆ ತಕ್ಕದ್ದು. ವಯಸ್ಸಾದವರು ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ತಿರುಗಿ ಬೀಳದಂತೆ ದೀಪವೂ ಜೊತೆಗೊಬ್ಬರೂ ಇರಲಿ.

ಮೂರು, ಚೀಟಿಯ ಹೊರಗಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ಸೇರಿಸುವುದು. ಓಲಾಂಜಪೈನ್ ತೆಗೆದುಕೊಳ್ಳುತ್ತಿರುವವರು ತಾವಾಗಿ ಮೆಟೊಕ್ಲೊಪ್ರಮೈಡ್ ಸೇವಿಸಬಾರದು; ಎರಡೂ ಡೋಪಮಿನ್ ದಾರಿಯನ್ನು ತಡೆಯುವುದರಿಂದ ಕತ್ತು ತಿರುಚುವಂಥ ತೊಂದರೆಗಳ ಸಂಭವ ಹೆಚ್ಚುತ್ತದೆ.

ನಾಲ್ಕು, ವಾಕರಿಕೆ ಎಂದಾಗಲೆಲ್ಲ ಒಂಡಾನ್‌ಸೆಟ್ರಾನ್ ಕೊಡುತ್ತ ಹೋಗುವುದು. ಅದರಿಂದ ಮಲ ಕಟ್ಟುತ್ತದೆ. ಕಟ್ಟಿದ ಮಲದಿಂದ ಹೊಟ್ಟೆಯುಬ್ಬರ, ಅದರಿಂದ ಮತ್ತೆ ವಾಕರಿಕೆ. ಈ ಚಕ್ರವನ್ನು ಮುರಿಯಬೇಕಾದರೆ ಮಲಬದ್ಧತೆಯನ್ನು ಮೊದಲೇ ಗಮನಿಸಬೇಕು. ಎರಡು ಮೂರು ದಿನ ಮಲವಿಸರ್ಜನೆಯಾಗದಿದ್ದರೆ ವೈದ್ಯರಿಗೆ ತಿಳಿಸಬೇಕು.

ಐದು, ಡೆಕ್ಸಾಮೆಥಸೋನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗುವುದು, ಇಲ್ಲವೆ ಆಹಾರ ತಡವಾಯಿತೆಂದು ಮಾತ್ರೆಯನ್ನೇ ಬಿಡುವುದು. ಇಷ್ಟಲಿಂಗ ಪೂಜೆಯಾಗುವ ತನಕ ಏನನ್ನೂ ಸೇವಿಸದ ನಿಯಮವುಳ್ಳ ಹಿರಿಯರು ನಮ್ಮಲ್ಲಿ ಅನೇಕರು. ಅಂಥವರು ಈ ಐದು ದಿನ ಪೂಜೆಯ ಹೊತ್ತನ್ನು ಮುಂಜಾನೆಗೆ ಸರಿಸಿಕೊಂಡರೆ ನಿಯಮವೂ ಉಳಿಯುತ್ತದೆ, ಮಾತ್ರೆಯೂ ಹೊತ್ತಿಗೆ ಸಲ್ಲುತ್ತದೆ. ಊದುಬತ್ತಿ ಮತ್ತು ಧೂಪದ ವಾಸನೆ ವಾಕರಿಕೆಯನ್ನು ಕೆರಳಿಸುವುದರಿಂದ ಆ ದಿನಗಳಲ್ಲಿ ಅವನ್ನು ದೂರವಿಡುವುದು ಒಳಿತು. ಉಪವಾಸವನ್ನು ಚಿಕಿತ್ಸೆ ಮುಗಿಯುವವರೆಗೆ ಬಿಡಬೇಕು.

ಆಹಾರ ಮತ್ತು ಮನೆಮದ್ದು

ಔಷಧದ ಕೆಲಸವನ್ನು ಆಹಾರ ಮಾಡಲಾರದು. ಆದರೆ ಅದಕ್ಕೆ ಬೆಂಬಲವಾಗಬಲ್ಲದು. ಮೂರು ಹೊತ್ತಿನ ದೊಡ್ಡ ಊಟದ ಬದಲು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಬೇಕು. ಬಿಸಿ ಅಡುಗೆಯ ವಾಸನೆ ಹೆಚ್ಚು. ಆರಿದ ಅನ್ನ, ಗಂಜಿ, ರಾಗಿ ಅಂಬಲಿ, ಇಡ್ಲಿ ಹಿತವಾಗುತ್ತವೆ. ಒಗ್ಗರಣೆಯ ಘಾಟು, ಕರಿದ ಎಣ್ಣೆಯ ವಾಸನೆ ರೋಗಿಯ ಕೋಣೆಗೆ ಬರದಿರಲಿ. ನೀರನ್ನು ಊಟದ ಜೊತೆ ಲೋಟಗಟ್ಟಲೆ ಕುಡಿಸದೆ, ನಡುನಡುವೆ ಗುಟುಕು ಗುಟುಕಾಗಿ ಕೊಡಬೇಕು. ರೋಗಿಗೆ ತುಂಬ ಇಷ್ಟವಾದ ತಿನಿಸನ್ನು ಕಿಮೊಥೆರಪಿಯ ದಿನವೇ ಮಾಡಿ ಬಡಿಸಬಾರದು. ವಾಂತಿಯ ಜೊತೆ ಆ ರುಚಿ ಬೆಸೆದುಕೊಂಡರೆ ಮುಂದೆ ಅದರ ಹೆಸರೇ ಬೇಡವಾಗುತ್ತದೆ. ಕಿಮೊಥೆರಪಿಯಿಂದ ಬಿಳಿರಕ್ತಕಣಗಳು ಕುಗ್ಗುವುದರಿಂದ ನೀರು ಕುದಿಸಿ ಆರಿಸಿದ್ದಾಗಿರಲಿ, ಆಹಾರ ಆಗತಾನೆ ಬೇಯಿಸಿದ್ದಾಗಿರಲಿ.

ಶುಂಠಿಯ ಬಗ್ಗೆ ಅನೇಕರು ಕೇಳುತ್ತಾರೆ. 2012ರಲ್ಲಿ ಪ್ರಕಟವಾದ, 576 ರೋಗಿಗಳ ಒಂದು ಅಧ್ಯಯನದಲ್ಲಿ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿಯು ಮೊದಲ ದಿನದ ವಾಕರಿಕೆಯನ್ನು ತಗ್ಗಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ರೋಗಿಗಳೆಲ್ಲರೂ ವಾಂತಿನಿರೋಧಕ ಔಷಧಗಳನ್ನೂ ಸೇವಿಸುತ್ತಿದ್ದರು. ಶುಂಠಿ ಔಷಧದ ಜೊತೆಗಾರನೇ ಹೊರತು ಅದಕ್ಕೆ ಬದಲಿಯಲ್ಲ. ಅಡುಗೆಯಲ್ಲಿ ಬಳಸುವಷ್ಟು ಶುಂಠಿಗೆ ಅಡ್ಡಿಯಿಲ್ಲ. ಪುಡಿಯಾಗಿಯೋ ಕಷಾಯವಾಗಿಯೋ ಹೆಚ್ಚು ಸೇವಿಸುವ ಮೊದಲು, ಅದರಲ್ಲಿಯೂ ರಕ್ತದ ಪ್ಲೇಟ್‌ಲೆಟ್ ಕಡಿಮೆಯಿರುವವರು ಮತ್ತು ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ವೈದ್ಯರನ್ನು ಕೇಳಲೇಬೇಕು.

ನಿರೀಕ್ಷೆಯ ವಾಂತಿಗೆ ಅತ್ಯುತ್ತಮ ಮದ್ದು ಮೊದಲ ಸುತ್ತಿನಲ್ಲಿಯೇ ವಾಂತಿಯಾಗದಂತೆ ನೋಡಿಕೊಳ್ಳುವುದು. ಒಮ್ಮೆ ಬೇರೂರಿದರೆ ಮೇಲೆ ಹೇಳಿದ ಔಷಧಗಳು ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಆಗ ಹಿಂದಿನ ರಾತ್ರಿ ಆತಂಕ ತಗ್ಗಿಸುವ ಮಾತ್ರೆ, ದೀರ್ಘವಾದ ಉಸಿರಾಟದ ಅಭ್ಯಾಸ, ಮನಸ್ಸನ್ನು ಬೇರೆಡೆಗೆ ಸೆಳೆಯುವ ಸಂಗೀತ ನೆರವಾಗುತ್ತವೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದಾಗ

ಎಲ್ಲ ವಾಂತಿಯೂ ಕಿಮೊಥೆರಪಿಯದೇ ಆಗಿರಬೇಕೆಂದಿಲ್ಲ. ಕರುಳಿನಲ್ಲಿ ತಡೆ, ಮೆದುಳಿಗೆ ಹರಡಿದ ರೋಗ, ರಕ್ತದಲ್ಲಿ ಏರಿದ ಕ್ಯಾಲ್ಸಿಯಂ, ನೋವಿಗೆ ಕೊಡುವ ಮಾರ್ಫಿನ್ ಇವೂ ವಾಂತಿಯನ್ನು ತರುತ್ತವೆ. ಮಾತ್ರೆಯೂ ನೀರೂ ಹೊಟ್ಟೆಯಲ್ಲಿ ಒಂದು ದಿನ ನಿಲ್ಲದಿದ್ದರೆ, ಮೂತ್ರ ತೀರ ಕಡಿಮೆಯಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ತೀವ್ರ ತಲೆನೋವು ಅಥವಾ ಗೊಂದಲದ ಮಾತು ಇದ್ದರೆ ತಡಮಾಡಬಾರದು. ಕಿಮೊಥೆರಪಿ ಪಡೆದವರಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ವಾಂತಿಯಿರಲಿ ಇಲ್ಲದಿರಲಿ, ರಾತ್ರಿಯಾದರೂ ಹೊರಡಬೇಕಾದ ಲಕ್ಷಣ.

ಮುಂದಿನ ಸುತ್ತಿಗೆ ಹೋಗುವಾಗ ಒಂದು ಚಿಕ್ಕ ಪುಸ್ತಕ ಜೊತೆಗಿರಲಿ. ಐದು ದಿನಗಳಿಗೆ ಐದು ಸಾಲು: ಎಷ್ಟು ಬಾರಿ ವಾಂತಿಯಾಯಿತು, ವಾಕರಿಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಯಾವ ಮಾತ್ರೆ ಯಾವ ಹೊತ್ತಿಗೆ, ನಿದ್ದೆ ಹೇಗೆ, ಮಲವಿಸರ್ಜನೆ ಆಯಿತೇ. ‘ಬಹಳ ತ್ರಾಸವಾಯಿತು’ ಎಂಬ ಮಾತಿಗಿಂತ ಈ ಐದು ಸಾಲುಗಳಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ. ಮೊದಲ ದಿನ ಸರಿಯಿದ್ದು ಮೂರನೆಯ ದಿನ ವಾಂತಿಯಾಗಿದ್ದರೆ ಅವರು ಒಂದು ಔಷಧವನ್ನು ಸೇರಿಸುತ್ತಾರೆ. ವಾಂತಿಯಿಲ್ಲದೆ ತೂಕಡಿಕೆ ಮಾತ್ರ ಇದ್ದರೆ ಇನ್ನೊಂದನ್ನು ತಗ್ಗಿಸುತ್ತಾರೆ.

ಒಂದು ಸುತ್ತಿನಲ್ಲಿ ಔಷಧ ಸೋತರೆ ಎಲ್ಲ ಸೋತಂತಲ್ಲ. ಈ ಲೇಖನದಲ್ಲಿ ಹೇಳಿದ ಐದು ಕುಟುಂಬಗಳಲ್ಲಿ ಇನ್ನೂ ಬಳಸದೆ ಉಳಿದದ್ದು ಒಂದಾದರೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದ್ದರಿಂದ ನಮ್ಮ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ವಾಂತಿಯ ಸಂಕಟದಿಂದ ಚಿಕಿತ್ಸೆ ಬಿಡುವ ಯೋಚನೆ ಬಂದಾಗ, ಬಿಡುವ ಮೊದಲು ವೈದ್ಯರ ಬಳಿಗೆ ಇನ್ನೊಮ್ಮೆ ಹೋಗಿ, ‘ಈ ವಾಂತಿಗೆ ಬೇರೆ ಔಷಧವಿದೆಯೇ?’ ಎಂದು ಕೇಳಿ. ಬಹುಪಾಲು ಸಂದರ್ಭಗಳಲ್ಲಿ ಇದೆ ಎಂಬುದೇ ಅದಕ್ಕೆ ಉತ್ತರ.